ಕೊನೆಯ ಗುಂಪಿನಿಂದ: ನಮ್ಮ ಓಟದ ಕ್ಲಬ್‌ನ ಸಮಿತಿಗೆ ಒಂದು ಬಹಿರಂಗ ಪತ್ರ

ಸಮಿತಿಯ ಎಲ್ಲರಿಗೂ, ಮತ್ತು ಪ್ರತಿ ಭಾನುವಾರ ನಮಗಿಂತ ಮೊದಲೇ ಓಡಿ ಮುಗಿಸಿ ಗೇಟಿನ ಹತ್ತಿರ ಕಾಲು ಚಾಚುತ್ತಾ ನಿಂತಿರುವ ಮುಂದಿನ ಗುಂಪಿನ ಗೆಳೆಯರಿಗೂ ನಮಸ್ಕಾರ.

ಕಳೆದ ವಾರ ನೀವು ಹಾಕಿದ ಸೂಚನೆ ಓದಿದೆ. ಮೂರೇ ಸಾಲು. ಭಾನುವಾರದ ಲಾಂಗ್ ರನ್‌ನಲ್ಲಿ ಮಾತು ಬೇಡ. ಕಿಲೋಮೀಟರಿಗೆ 8 ನಿಮಿಷಕ್ಕಿಂತ ಜಾಸ್ತಿ ತೆಗೆದುಕೊಳ್ಳುವವರಿಗಾಗಿ ಇನ್ನು ಮೇಲೆ ಯಾರೂ ಕಾಯುವುದಿಲ್ಲ. ಅಂಥವರು ‘ತಮಗೆ ಅನುಕೂಲವಾದ ಸಮಯದಲ್ಲಿ’ ಓಡಿಕೊಳ್ಳಬಹುದು.

ಅಂಥವರಲ್ಲಿ ನಾನೂ ಒಬ್ಬಳು. ನಾಲ್ಕು ವರ್ಷದಿಂದ ಕೊನೆಯ ಗುಂಪಿನಲ್ಲೇ ಇದ್ದೇನೆ. ಮೈ ಚೆನ್ನಾಗಿರುವ ದಿನ ಕಿಲೋಮೀಟರಿಗೆ 8 ನಿಮಿಷ, ಉಳಿದ ದಿನ ಎಂಟೂವರೆ. ನಮ್ಮ ಗುಂಪಿನಲ್ಲಿ ಆರೇಳು ಜನ ಇದ್ದೇವೆ. ಒಬ್ಬರಿಗೆ ಅರವತ್ತೆಂಟು ವರ್ಷ. ಇಬ್ಬರು ಹೆರಿಗೆಯ ನಂತರ ಮತ್ತೆ ಓಡಲು ಶುರು ಮಾಡಿದವರು. ಒಬ್ಬರು ಒಂದು ಕಾಲದಲ್ಲಿ ನಿಮ್ಮ ಗುಂಪಿನಲ್ಲೇ ಇದ್ದು, ಮೊಣಕಾಲು ಕೈಕೊಟ್ಟ ಮೇಲೆ ನಮ್ಮ ಕಡೆ ಬಂದವರು. ಕ್ಲಬ್‌ಗೆ ಸೇರಿದ ದಿನ ನಮಗೆ ಹೇಳಿದ್ದು ಒಂದೇ ಮಾತು: ‘ಇಲ್ಲಿ ಯಾರನ್ನೂ ಹಿಂದೆ ಬಿಟ್ಟು ಹೋಗಲ್ಲ.’ ಆ ಮಾತು ಹೇಳಿದವರು ಈಗಲೂ ಸಮಿತಿಯಲ್ಲಿ ಇದ್ದಾರೆ. ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತು.

ಜಗಳಕ್ಕೆ ಬಂದಿಲ್ಲ. ನಿಮ್ಮ ದೂರಿನಲ್ಲಿ ಅರ್ಧ ನಿಜ ಇದೆ, ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಮಂಗಳವಾರ ಟ್ರ್ಯಾಕ್‌ನಲ್ಲಿ ನೀವು ಇಂಟರ್ವಲ್ (ಸ್ವಲ್ಪ ದೂರ ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಜೋರಾಗಿ ಓಡುವುದು) ಮಾಡುವಾಗ ನಾವು ಒಳಗಿನ ಲೇನ್‌ನಲ್ಲಿ ಮೂರು ಜನ ಸಾಲಾಗಿ, ಮಾತಾಡುತ್ತಾ ಹೋಗಿದ್ದು ತಪ್ಪು. ಹಿಂದಿನಿಂದ ‘ಟ್ರ್ಯಾಕ್!’ ಎಂದು ಕೂಗಿದಾಗ ಮೂವರೂ ಒಂದೊಂದು ದಿಕ್ಕಿಗೆ ಹಾರಿ, ವೇಗವಾಗಿ ಬರುತ್ತಿದ್ದ ಹುಡುಗ ಹುಲ್ಲಿನ ಮೇಲೆ ಇಳಿಯಬೇಕಾಯಿತು. ಅವನ ಕಣಕಾಲು ಉಳುಕದೆ ಇದ್ದದ್ದು ನಮ್ಮ ಪುಣ್ಯ. ಒಂದು ಸುತ್ತಿಗೆ 400 ಮೀಟರ್ ಅನ್ನುವ ಅಳತೆ ಎಲ್ಲಕ್ಕಿಂತ ಒಳಗಿನ ಒಂದನೇ ಲೇನ್‌ನದು. ಗಡಿಯಾರದ ಜೊತೆ ಓಡುವವರಿಗೆ ಆ ಲೇನೇ ಬೇಕು, ನಮಗೆ ಬೇಕಾಗಿಲ್ಲ. ಎಂಟನೇ ಲೇನ್‌ನಲ್ಲಿ ಒಂದು ಸುತ್ತು ಹಾಕಿದರೆ ಸುಮಾರು 453 ಮೀಟರ್ ಆಗುತ್ತದೆ. ಸುತ್ತಿಗೆ ಐವತ್ತು ಮೀಟರ್ ಜಾಸ್ತಿ ಮಾತಾಡಬಹುದು, ನಮಗೆ ಲಾಭವೇ. ಮುಂದಿನ ಮಂಗಳವಾರದಿಂದ ನಾವು ಹೊರಗಿನ ಲೇನ್‌ನಲ್ಲಿ ಇರುತ್ತೇವೆ. ಇಂಟರ್ವಲ್ ದಿನ ಬಾಯಿ ಮುಚ್ಚಿಕೊಂಡೇ ಓಡಿ ಎಂದರೂ ಸರಿ. ಆ ವೇಗದಲ್ಲಿ ಮಾತಾಡಲು ಯಾರಿಗೂ ಆಗುವುದೂ ಇಲ್ಲ.

ಕಾಯುವ ವಿಷಯದಲ್ಲೂ ನಿಮ್ಮ ಲೆಕ್ಕ ಸರಿ ಇದೆ. 12 ಕಿಲೋಮೀಟರ್ ಓಡಬೇಕು ಅಂದುಕೊಳ್ಳಿ. ಕಿಲೋಮೀಟರಿಗೆ 5 ನಿಮಿಷದವರು ಒಂದು ಗಂಟೆಯಲ್ಲಿ ಮುಗಿಸುತ್ತಾರೆ. 8 ನಿಮಿಷದವರಿಗೆ 96 ನಿಮಿಷ ಬೇಕು. ಒದ್ದೆ ಬಟ್ಟೆಯಲ್ಲಿ 36 ನಿಮಿಷ ಸುಮ್ನೆ ನಿಲ್ಲುವುದು ಯಾರಿಗೆ ಇಷ್ಟವಾಗುತ್ತದೆ? ನಾನು ನಿಮ್ಮ ಜಾಗದಲ್ಲಿ ಇದ್ದಿದ್ದರೆ ನನಗೂ ಸಿಟ್ಟು ಬರುತ್ತಿತ್ತು. ಇದಕ್ಕೆ ಒಂದು ದಾರಿ ಇದೆ, ಕೊನೆಗೆ ಹೇಳುತ್ತೇನೆ.

ಆದರೆ ‘ಮಾತು ಬೇಡ’ ಅನ್ನುವ ಸಾಲು ಮಾತ್ರ ನನಗೆ ಅರಗಲಿಲ್ಲ. ಮಾತಾಡುವವರು ಓಟವನ್ನು ಗಂಭೀರವಾಗಿ ತೆಗೆದುಕೊಂಡಿಲ್ಲ ಅನ್ನುವ ಭಾವನೆ ಅದರ ಹಿಂದೆ ಇದೆ. ಅದು ಓಟದ ವಿಜ್ಞಾನದ ಪ್ರಕಾರವೇ ತಪ್ಪು.

ಕೋಚ್‌ಗಳು ‘ಟಾಕ್ ಟೆಸ್ಟ್’ ಅನ್ನುತ್ತಾರಲ್ಲ, ಅದನ್ನೇ ನೋಡಿ. ಮಾತಾಡುವಾಗ ನಾವು ಗಬಕ್ಕನೆ ಉಸಿರು ಎಳೆದುಕೊಂಡು, ನಿಧಾನವಾಗಿ ಬಿಡುತ್ತಾ ಪದ ಜೋಡಿಸುತ್ತೇವೆ. ಓಟ ಹಗುರವಾಗಿದ್ದರೆ ಅದಕ್ಕೆ ಪುರುಸೊತ್ತು ಇರುತ್ತದೆ. ವೇಗ ಒಂದು ಮಿತಿ ದಾಟಿದರೆ ಮೈಯಲ್ಲಿ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕಲು ಶ್ವಾಸಕೋಶಕ್ಕೆ ಅವಸರವಾಗುತ್ತದೆ. ಉಸಿರು ಒಮ್ಮೆಲೇ ಜೋರಾಗುತ್ತದೆ, ವಾಕ್ಯ ತುಂಡಾಗುತ್ತದೆ. ಪೂರ್ತಿ ವಾಕ್ಯ ಹೇಳಲು ಆದರೆ ಈಸಿ ರನ್. ಎರಡು ಮೂರು ಪದಕ್ಕೇ ನಿಂತರೆ ಟೆಂಪೋ, ಅಂದರೆ ಸ್ವಲ್ಪ ಕಷ್ಟಪಟ್ಟು ಒಂದೇ ವೇಗ ಹಿಡಿದು ಓಡುವುದು. ತಲೆಯಾಡಿಸುವುದಷ್ಟೇ ಸಾಧ್ಯವಾದರೆ ಇಂಟರ್ವಲ್. ಎದೆ ಬಡಿತ ಅಳೆಯುವ ಪಟ್ಟಿ ಬೇಡ, ಕೈಗೆ ಗಡಿಯಾರ ಬೇಡ, ಪಕ್ಕದಲ್ಲಿ ಒಬ್ಬರು ಇದ್ದರೆ ಸಾಕು.

ದೂರದ ಓಟದಂಥ, ದಮ್ಮು ಬೇಕಾಗುವ ಆಟಗಳವರ ತರಬೇತಿಯನ್ನು ವರ್ಷಗಟ್ಟಲೆ ನೋಡಿದ ಸಂಶೋಧಕ ಸ್ಟೀಫನ್ ಸೈಲರ್ ಹೇಳುವುದೂ ಇದನ್ನೇ. ಒಳ್ಳೆಯ ಓಟಗಾರರು, ಸ್ಕೀ ಮಾಡುವವರು, ದೋಣಿ ಹುಟ್ಟು ಹಾಕುವವರು ಸುಮಾರು ಐದರಲ್ಲಿ ನಾಲ್ಕು ಪಾಲು ತರಬೇತಿಯನ್ನು ಸುಲಭ ವೇಗದಲ್ಲೇ ಮಾಡುತ್ತಾರೆ. ಮುಂದಿನ ಗುಂಪಿನವರೇ, ಬೇಜಾರು ಮಾಡಿಕೊಳ್ಳಬೇಡಿ. ಭಾನುವಾರ ನೀವು ಏದುಸಿರು ಬಿಡುತ್ತಾ, ಒಬ್ಬರ ಗಡಿಯಾರ ಒಬ್ಬರು ಕದ್ದು ನೋಡುತ್ತಾ ಓಡುವುದನ್ನು ನಾನು ನೋಡಿದ್ದೇನೆ. ಲಾಂಗ್ ರನ್ ಅಂತ ಹೊರಟು ರೇಸ್ ಮಾಡಿಬಿಡುತ್ತೀರಿ. ನಿಮ್ಮಲ್ಲಿ ಯಾರಾದರೂ ಒಬ್ಬರು ಬಾಯಿ ಬಿಟ್ಟು ಮಾತಾಡಿದ್ದರೆ ಅರ್ಧಕ್ಕರ್ಧ ಗಾಯಗಳು ತಪ್ಪುತ್ತಿದ್ದವೋ ಏನೋ. ಇದು ವಿಜ್ಞಾನವಲ್ಲ, ನನ್ನ ಅನುಮಾನ.

ನಮ್ಮಂಥ ಕ್ಲಬ್‌ಗಳು ಶುರುವಾದ ಕತೆ ನಿಮಗೆ ನೆನಪಿದೆಯಾ? ನಾನು ಅದನ್ನು ಕೇಳಿದ್ದೇ ಈ ಕ್ಲಬ್‌ನಲ್ಲಿ, ಓಡುತ್ತಾ ಓಡುತ್ತಾ. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಓಟಗಾರರನ್ನು ತಯಾರು ಮಾಡಿದವರು. ಅವರೇ ಹೃದಯಾಘಾತ ಆದವರನ್ನೂ ವಯಸ್ಸಾದವರನ್ನೂ ನಿಧಾನವಾಗಿ ಓಡಲು ಹುರಿದುಂಬಿಸಿದರು. ಆಕ್ಲೆಂಡ್‌ನಲ್ಲಿ ಅಂಥವರ ಒಂದು ಗುಂಪೇ ಬೆಳೆಯಿತು. 1962ರಲ್ಲಿ ಲಿಡಿಯಾರ್ಡ್ ಅವರನ್ನು ನೋಡಲು ಅಮೆರಿಕದ ಕೋಚ್ ಬಿಲ್ ಬೋವರ್‌ಮನ್ ಬಂದರು. ಮುಂದೆ ನೈಕಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು ಇವರೇ. ಬಂದಾಗ ಅವರಿಗೆ ಐವತ್ತೊಂದು ವರ್ಷ. ಓಟಗಾರರಿಗೆ ಪಾಠ ಹೇಳುವವನು ನಾನು, ನನಗೇನು ಕಡಿಮೆ ಎಂದುಕೊಂಡಿದ್ದರು. ಬೋವರ್‌ಮನ್ ಅವರನ್ನು ಲಿಡಿಯಾರ್ಡ್ ಬೆಳಗಿನ ಓಟಕ್ಕೆ ಕರೆದುಕೊಂಡು ಹೋದರು. ಸ್ವಲ್ಪ ದೂರಕ್ಕೇ ಬೋವರ್‌ಮನ್‌ಗೆ ಉಸಿರು ಹತ್ತಿತು, ಗುಂಪು ಮುಂದೆ ಹೋಯಿತು.

ಆಗ ಎಪ್ಪತ್ತು ದಾಟಿದ ಒಬ್ಬ ಮುದುಕರು ವೇಗ ಕಡಿಮೆ ಮಾಡಿ ಅವರ ಪಕ್ಕಕ್ಕೆ ಬಂದರು. ಮೂರು ಸಲ ಹೃದಯಾಘಾತ ಆಗಿದ್ದವರು. ದಾರಿಯುದ್ದಕ್ಕೂ ಆರಾಮಾಗಿ ಮಾತಾಡುತ್ತಾ ಬಂದರಂತೆ. ಬೋವರ್‌ಮನ್‌ಗೆ ಉತ್ತರ ಕೊಡಲೂ ಉಸಿರು ಇರಲಿಲ್ಲ. ಅಲ್ಲಿದ್ದ ಕೆಲವು ವಾರ ಅವರು ಬಿಡದೆ ಓಡಿದರು. ವಾಪಸ್ ಹೋದ ಮೇಲೆ ತಮ್ಮ ಊರಿನ ಸಾಮಾನ್ಯ ಜನರಿಗೆ ಜಾಗಿಂಗ್ ಹೇಳಿಕೊಟ್ಟರು. ಅಮೆರಿಕದಲ್ಲಿ ಜಾಗಿಂಗ್ ಹಬ್ಬಿದ್ದರಲ್ಲಿ ಅದರ ಪಾಲು ದೊಡ್ಡದು.

ಆ ದಿನ ಆ ಮುದುಕರು ‘ನನ್ನ ಪೇಸ್ (ವೇಗ) ಹಾಳಾಗುತ್ತದೆ’ ಎಂದು ಮುಂದೆ ಹೋಗಿದ್ದರೆ? ಸುಮ್ನೆ ಕೇಳುತ್ತಿದ್ದೇನೆ.

ಮಾತಿನಿಂದ ಎಲ್ಲರಿಗೂ ಒಳ್ಳೆಯದೇ ಆಗುತ್ತದೆ ಎಂದೇನೂ ನಾನು ವಾದಿಸುವುದಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಕತೆ ನಿಮಗೆಲ್ಲ ಗೊತ್ತು. ಚೆಕೊಸ್ಲೊವಾಕಿಯಾದ ಓಟಗಾರ ಎಮಿಲ್ ಜಾಟೊಪೆಕ್ 5,000 ಮೀಟರ್, 10,000 ಮೀಟರ್ ಎರಡೂ ಗೆದ್ದು, ಜೀವನದಲ್ಲೇ ಮೊದಲ ಸಲ ಮ್ಯಾರಥಾನ್‌ಗೆ ನಿಂತಿದ್ದರು. ಮುಂದೆ ಓಡುತ್ತಿದ್ದವರು ಆಗಿನ ಅತ್ಯಂತ ವೇಗದ ಮ್ಯಾರಥಾನ್ ಓಟಗಾರ ಜಿಮ್ ಪೀಟರ್ಸ್. ಜಾಟೊಪೆಕ್ ಈ ಪೀಟರ್ಸ್ ಪಕ್ಕಕ್ಕೆ ಹೋಗಿ, ಈ ವೇಗ ಸರಿಯಾಗಿದೆಯಾ ಎಂದು ಕೇಳಿದರಂತೆ. ಪೀಟರ್ಸ್ ಸುಸ್ತಾಗಿದ್ದರೂ, ನಿಧಾನವಾಯಿತು ಎಂದುಬಿಟ್ಟರಂತೆ. ಜಾಟೊಪೆಕ್ ಆ ಮಾತನ್ನು ನಂಬಿ ವೇಗ ಹೆಚ್ಚಿಸಿ ಚಿನ್ನ ಗೆದ್ದರು. ಪೀಟರ್ಸ್ ಓಟ ಮುಗಿಸಲೇ ಇಲ್ಲ. ನಮ್ಮ ಗುಂಪಿನಲ್ಲಿ ಯಾರಾದರೂ ‘ಹುಷಾರಾಗಿದ್ದೀಯಾ?’ ಎಂದು ಕೇಳಿದರೆ ನಿಜ ಹೇಳಬೇಕು ಅನ್ನುವ ನಿಯಮ ಇದೆ. ಅದಕ್ಕೆ ಪೀಟರ್ಸ್ ನಿಯಮ ಎಂದೇ ಹೆಸರು.

ಆ ನಿಯಮ ಒಂದು ಸಲ ನಮಗೆ ಕೆಲಸಕ್ಕೂ ಬಂತು. ಎರಡು ವರ್ಷದ ಹಿಂದಿನ ಮಾತು, ಬಿಸಿಲು ಜೋರಾಗಿದ್ದ ಒಂದು ದಿನ. ನಮ್ಮ ಗುಂಪಿನ ಒಬ್ಬರು ಲೆಕ್ಕದಲ್ಲಿ ಪಕ್ಕಾ. ಗಡಿಯಾರ ನೋಡದೆ ಎಷ್ಟನೇ ಕಿಲೋಮೀಟರ್ ಎಂದು ಹೇಳುವವರು. ಅವತ್ತು ಕೇಳಿದರೆ ‘ಆರು’ ಅಂದರು. ಹತ್ತು ನಿಮಿಷ ಬಿಟ್ಟು ಕೇಳಿದರೂ ‘ಆರು’. ಮತ್ತೆ ಕೇಳಿದ್ದಕ್ಕೆ ರೇಗಿದರು. ಅವರು ರೇಗುವ ಮನುಷ್ಯರೇ ಅಲ್ಲ. ಆಮೇಲೆ ಮಾತು ತೊದಲಿತು, ಹೆಜ್ಜೆ ಓಲಾಡಿತು. ಹಿಡಿದು ನಿಲ್ಲಿಸಿ, ನೆರಳಿಗೆ ಎಳೆದು, ನಮ್ಮೆಲ್ಲರ ಬಾಟಲಿಯ ನೀರು ಮೈಮೇಲೆ ಸುರಿದು ಗಾಳಿ ಹಾಕಿದೆವು. ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಿದರು. ಮೈಯ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ತಲೆ ಮಂಕಾದರೆ ಅದು ಹೀಟ್ ಸ್ಟ್ರೋಕ್. ಅಂಥ ಹೊತ್ತಿನಲ್ಲಿ ಮೊದಲು ತಂಪು ಮಾಡಬೇಕು, ಸಾಗಿಸುವುದು ಆಮೇಲೆ. ಅವರು ಚೇತರಿಸಿಕೊಂಡರು, ಈಗಲೂ ಓಡುತ್ತಾರೆ.

ಇದನ್ನು ಯಾಕೆ ಹೇಳಿದೆ ಅಂದರೆ, ನಮಗೆ ಗೊತ್ತಾಗಿದ್ದು ಅವರ ಹೆಜ್ಜೆಯಿಂದಲ್ಲ, ಮಾತಿನಿಂದ. ಹೆಜ್ಜೆ ಕೆಟ್ಟದ್ದು ಕೊನೆಯಲ್ಲಿ. ಇಯರ್‌ಫೋನ್ ಹಾಕಿಕೊಂಡು ಇಪ್ಪತ್ತು ಮೀಟರ್ ಅಂತರದಲ್ಲಿ ಸುಮ್ಮನೆ ಓಡುತ್ತಿದ್ದರೆ, ಅವರು ಬಿದ್ದ ಮೇಲೆ ನಮಗೆ ಗೊತ್ತಾಗುತ್ತಿತ್ತು.

ಹಾಗಾದರೆ ಹಿಂದೆ ನೀವು ಏನು ಮಾತಾಡುತ್ತೀರಿ ಎಂದು ಒಬ್ಬರು ನಗುತ್ತಾ ಕೇಳಿದ್ದರು. ಅವರಿಗೆ ಇಲ್ಲಿ ಉತ್ತರ. ಮೊದಲ ಎರಡು ಕಿಲೋಮೀಟರ್ ಬರೀ ದೂರು. ನಿದ್ದೆ ಆಗಿಲ್ಲ, ಮೊಣಕಾಲು ಹಿಡಿದಿದೆ, ಹೊಸ ಶೂ ಕಚ್ಚುತ್ತಿದೆ. ಆಮೇಲೆ ಕಪ್ಪಾದ ಉಗುರು, ತೊಡೆ ಉಜ್ಜಿ ಆದ ಗಾಯ, ಹೊಟ್ಟೆಯ ಅವಸ್ಥೆ. ಮನೆಯವರ ಮುಂದೆ ಹೇಳಲು ನಾಚಿಕೆಯಾಗುವ ವಿಷಯವನ್ನು ಓಟಗಾರರು ಭೇಟಿಯಾದ ಮೂರನೇ ದಿನಕ್ಕೇ ಹೇಳಿಬಿಡುತ್ತಾರೆ, ಅಲ್ವಾ? ಐದಾರು ಕಿಲೋಮೀಟರ್ ಆದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಹೆಜ್ಜೆ ಸದ್ದು ಮಾತ್ರ. ಎಲ್ಲರ ಹೆಜ್ಜೆಯೂ ಒಂದೇ ತಾಳಕ್ಕೆ ಬಂದಿರುತ್ತದೆ, ಯಾರೂ ಹೇಳಿಕೊಡದೆ.

ನಿಜವಾದ ಮಾತು ಅದಾದ ಮೇಲೆ. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳುವ ಮೊದಲು ನಮ್ಮ ಹತ್ತಿರ ಹೇಳಿದವರು ಇದ್ದಾರೆ. ಅಪ್ಪ ತನ್ನ ಗುರುತು ಮರೆತರು ಎಂದು ಒಬ್ಬರು ಹೇಳಿದ್ದು ಒಂಬತ್ತನೇ ಕಿಲೋಮೀಟರ್‌ನ ಏರಿನಲ್ಲಿ. ಓಡುವಾಗ ಇಬ್ಬರೂ ಮುಂದೆ ನೋಡುತ್ತಿರುತ್ತೇವೆ. ಮುಖ ನೋಡಬೇಕಾಗಿಲ್ಲ. ಕಣ್ಣು ಒದ್ದೆಯಾದರೆ ಬೆವರು ಅನ್ನಬಹುದು. ತಕ್ಷಣ ಸಮಾಧಾನ ಹೇಳಬೇಕೆಂದೂ ಇಲ್ಲ, ಉಸಿರು ಸಿಕ್ಕಾಗ ಹೇಳಿದರೆ ಸಾಕು. ಎದುರೆದುರು ಕೂತು ಇಂಥ ಮಾತಾಡಲು ನನಗಂತೂ ಆಗುವುದಿಲ್ಲ. ಓಟದಲ್ಲಿ ಕೇಳಿದ್ದು ಗೇಟಿನಿಂದ ಆಚೆ ಹೋಗಬಾರದು ಅನ್ನುವುದು ನಮ್ಮ ಗುಂಪಿನ ಎರಡನೇ ನಿಯಮ. ಅದಕ್ಕೇ ಇಲ್ಲೂ ಅವರನ್ನು ಕೇಳಿಯೇ ಬರೆದಿದ್ದೇನೆ, ಅದೂ ಇಷ್ಟೇ.

ಮಾತು ಬೇಡದವರೂ ನಮ್ಮಲ್ಲಿ ಇದ್ದಾರೆ. ಒಬ್ಬರು ಬಂದಾಗಿನಿಂದ ‘ಬಂದೆ’, ‘ಹೊರಟೆ’ ಎರಡೇ ಪದ ಹೇಳಿರುವುದು. ಅವರಿಗೆ ಅದೇ ಬೇಕು. ಅವರು ಒಂದು ವಾರ ಬರದಿದ್ದರೆ ನಾವೆಲ್ಲ ಚಡಪಡಿಸುತ್ತೇವೆ.

ನಿಲ್ಲಿಸಬೇಕಾದ ಮಾತುಗಳು ಬೇರೆ ಇವೆ. ನೀವು ಅವನ್ನು ಸೂಚನೆಯಲ್ಲಿ ಹಾಕಿದ್ದರೆ ನಾನು ಕೈಚಪ್ಪಾಳೆ ತಟ್ಟುತ್ತಿದ್ದೆ. ‘ಬರೀ ಐದು ಕಿಲೋಮೀಟರಾ?’ ಈ ‘ಬರೀ’ ಅನ್ನುವ ಪದಕ್ಕೆ ಹೆದರಿ ಎಷ್ಟು ಜನ ಕ್ಲಬ್ ಬಿಟ್ಟರು ಎಂದು ಯಾರಾದರೂ ಎಣಿಸಿದ್ದೀರಾ? ‘ತೂಕ ಇಳಿಸಿದರೆ ಪೇಸ್ ಬರುತ್ತೆ.’ ಕೇಳಿದ್ದು ಯಾರು? ಹಿಂದಿನಿಂದ ಬಂದು, ಹೆಸರೂ ಕೇಳದೆ, ‘ನೀವು ಹಿಮ್ಮಡಿ ಊರ್ತಿದ್ದೀರಿ’ ಎಂದು ಹೇಳಿ ಮುಂದೆ ಓಡುವುದು. ಇದು ಹೆಚ್ಚಾಗಿ ಹೆಂಗಸರಿಗೇ ಆಗುವುದು ಯಾಕೋ. ಗಾಯವಾಗಿ ಆರು ವಾರ ಕೂತು ಬಂದವರಿಗೆ ‘ಇಷ್ಟು ದಿನ ಎಲ್ಲಿ ಮಲಗಿದ್ರಿ’ ಅನ್ನುವುದು. ತಮಾಷೆ ಎಂದು ಗೊತ್ತು. ಅವರು ಆ ಆರು ವಾರ ಹೇಗೆ ಕಳೆದರು ಅನ್ನುವುದು ತಮಾಷೆ ಮಾಡಿದವರಿಗೆ ಗೊತ್ತಿರುವುದಿಲ್ಲ. ಅದನ್ನು ಕೇಳಲಿಕ್ಕೂ ಜೊತೆಯಲ್ಲಿ ನಿಧಾನವಾಗಿ ಎರಡು ಕಿಲೋಮೀಟರ್ ಓಡಬೇಕು.

ಇನ್ನು ‘ಅನುಕೂಲವಾದ ಸಮಯ’ದ ವಿಷಯ. ನಾವು ಹೊರಡುವುದು ಕತ್ತಲಲ್ಲಿ. ಯಾರೂ ಕಾಯುವುದಿಲ್ಲ ಅಂದರೆ ಕೊನೆಯ ಗುಂಪು ದಾರಿಯಲ್ಲಿ ಚೆದುರುತ್ತದೆ, ಕಟ್ಟಕಡೆಗೆ ಒಬ್ಬರು ಒಂಟಿಯಾಗಿ ಉಳಿಯುತ್ತಾರೆ. ಆ ಒಬ್ಬರು ಹೆಚ್ಚಿನ ಸಲ ಹೆಣ್ಣುಮಗಳು. ನಾನು ಒಬ್ಬಳೇ ಓಡುವ ದಿನ ಇಯರ್‌ಫೋನ್ ಹಾಕುವುದಿಲ್ಲ, ದಾರಿ ಬದಲಿಸುತ್ತಿರುತ್ತೇನೆ, ಹಿಂದೆ ಗಾಡಿ ನಿಧಾನವಾದರೆ ಎದೆ ಬಡಿತ ಎಷ್ಟಾಗುತ್ತದೆ ಎಂದು ಗಡಿಯಾರ ಚೆನ್ನಾಗಿಯೇ ತೋರಿಸುತ್ತದೆ. ನಮ್ಮಲ್ಲಿ ಸುಮಾರು ಹೆಂಗಸರು ಕ್ಲಬ್‌ಗೆ ಸೇರಿದ್ದು ಪಿಬಿಗಾಗಿ (ತಮ್ಮದೇ ಅತ್ಯುತ್ತಮ ಸಮಯಕ್ಕಾಗಿ) ಅಲ್ಲ, ಒಂಟಿಯಾಗಿ ಓಡಬೇಕಾಗಬಾರದು ಎಂದು. ಬೇರೆ ಸಮಯದಲ್ಲಿ ಓಡಿಕೊಳ್ಳಿ ಅಂದರೆ ಅವರಿಗೆ ಕೇಳಿಸುವುದು ‘ಮನೆಯಲ್ಲೇ ಇರಿ’ ಎಂದು.

ಸರಿ, ದಾರಿ ಇದೆ ಅಂದೆನಲ್ಲ. ಇದು ನನ್ನ ಬುದ್ಧಿಯೇನಲ್ಲ, ಬಹಳ ಕ್ಲಬ್‌ಗಳಲ್ಲಿ ಮಾಡುವುದೇ. ಭಾನುವಾರ ದೂರದ ಲೆಕ್ಕ ಬಿಟ್ಟು ಸಮಯದ ಲೆಕ್ಕ ಇಟ್ಟುಕೊಳ್ಳೋಣ. ಒಟ್ಟು 90 ನಿಮಿಷ. ಎಲ್ಲರೂ ಒಟ್ಟಿಗೆ ಹೊರಡುವುದು, ಒಂದೇ ದಾರಿ. 45 ನಿಮಿಷ ಆದ ಕೂಡಲೇ ಯಾರು ಎಲ್ಲಿದ್ದಾರೋ ಅಲ್ಲಿಂದಲೇ ತಿರುಗುವುದು. 5 ನಿಮಿಷದವರು ಅಷ್ಟು ಹೊತ್ತಿಗೆ 9 ಕಿಲೋಮೀಟರ್ ಹೋಗಿರುತ್ತಾರೆ, ಒಟ್ಟು 18 ಆಗುತ್ತದೆ. 8 ನಿಮಿಷದವರು ಐದೂವರೆ ದಾಟಿರುತ್ತಾರೆ, ಒಟ್ಟು ಹನ್ನೊಂದು ಚಿಲ್ಲರೆ. ಹೋದ ವೇಗದಲ್ಲೇ ವಾಪಸ್ ಬಂದರೆ ಎಲ್ಲರೂ ಗೇಟಿಗೆ ಸೇರುವುದು ಒಂದೇ ಹೊತ್ತಿಗೆ. ಯಾರೂ ಯಾರಿಗಾಗಿಯೂ ಕಾಯಬೇಕಾಗಿಲ್ಲ.

ಇದರಲ್ಲಿ ಇನ್ನೊಂದು ಮಜಾ ಇದೆ. ತಿರುಗಿದ ಕೂಡಲೇ ಕೊನೆಯ ಗುಂಪು ಮುಂದಿನ ಗುಂಪಾಗುತ್ತದೆ. ನೀವೆಲ್ಲ ನಮ್ಮ ಹಿಂದಿನಿಂದ ಬರುತ್ತಿರುತ್ತೀರಿ. ನಮ್ಮಲ್ಲಿ ಯಾರಾದರೂ ಕುಂಟುತ್ತಾ ಕೂತಿದ್ದರೆ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತಾರೆ.

ಇದರ ಜೊತೆ ಒಂದು ಸಣ್ಣ ಕೋರಿಕೆ. ಪಾರ್ಕ್‌ರನ್ ಎಂಬ ವಾರದ 5 ಕಿಲೋಮೀಟರ್ ಓಟ 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ 13 ಓಟಗಾರರಿಂದ ಶುರುವಾಯಿತು. ಈಗ ಅದು ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಅಲ್ಲಿ ಒಬ್ಬ ಸ್ವಯಂಸೇವಕರ ಕೆಲಸವೇ ಎಲ್ಲರಿಗಿಂತ ಕೊನೆಗೆ ಬರುವುದು. ಅವರು ಇರುವುದರಿಂದ ಬಂದವರಲ್ಲಿ ಯಾರೂ ಕೊನೆಯವರಾಗುವುದಿಲ್ಲ. ನಮ್ಮಲ್ಲೂ ಹೋಗುವ ದಾರಿಯಲ್ಲಿ ವಾರಕ್ಕೊಬ್ಬರು ಆ ಕೆಲಸ ವಹಿಸಿಕೊಳ್ಳಲಿ. ಮುಂದಿನ ಗುಂಪಿನವರೂ ಸರದಿಯಲ್ಲಿ ಬರಲಿ. ರೇಸ್ ಆದ ಮರುವಾರ ನಿಮಗೆ ಹೇಗೂ ನಿಧಾನವಾಗಿ ಓಡಲು ಹೇಳಿರುತ್ತಾರಲ್ಲ, ಆ ವಾರ ಬನ್ನಿ. ನಮ್ಮ ಮಾತು ನಿಮಗೆ ಹಿಡಿಸದಿದ್ದರೆ ‘ಬಂದೆ’, ‘ಹೊರಟೆ’ ಅಂದರೂ ಸಾಕು.

ಸೂಚನೆ ವಾಪಸ್ ತೆಗೆದುಕೊಳ್ಳಿ ಎಂದು ಈಗಲೇ ಕೇಳುತ್ತಿಲ್ಲ. ನಾಲ್ಕು ಭಾನುವಾರ ಹೀಗೆ ಓಡಿ ನೋಡೋಣ, ಆಮೇಲೆ ಸಭೆ ಸೇರಿ ತೀರ್ಮಾನ ಮಾಡಿ. ಆ ಸಭೆಗೆ ನಮ್ಮ ಗುಂಪಿನ ಒಬ್ಬರನ್ನಾದರೂ ಕರೆಯಿರಿ. ಹೋದ ಸಲ ಕರೆಯಲಿಲ್ಲ.

45 ನಿಮಿಷಕ್ಕೆ ಊದಲು ಸೀಟಿ ಬೇಕಾಗಬಹುದು, ನಿಮ್ಮಲ್ಲಿ ಕೆಲವರು ಗಡಿಯಾರ ನೋಡಿಯೂ ತಿರುಗುವವರಲ್ಲ. ನನ್ನ ಹತ್ತಿರ ಎರಡು ಇವೆ. ತಲೆಗೆ ಕಟ್ಟುವ ದೀಪವೂ ಒಂದು ಹೆಚ್ಚಿಗೆ ಇದೆ. ಎರಡನ್ನೂ ತರುತ್ತೇನೆ.

ಭಾನುವಾರ ಗೇಟಿನ ಹತ್ತಿರ ಸಿಗೋಣ.

ನಿಮ್ಮವಳೇ,
ಕೊನೆಯ ಗುಂಪಿನ ಒಬ್ಬ ಸದಸ್ಯೆ